ವರದಿ ಶುದ್ಧ ಬಂದರೂ ಕೊಟ್ಟಿಗೆಯಲ್ಲಿ ಉಳಿಯುವುದೇನು?

2025ರ ಡಿಸೆಂಬರ್‌ನಲ್ಲಿ ಮೊಟ್ಟೆ ಸುದ್ದಿಯಾಯಿತು. ಖಾಸಗಿಯಾಗಿ ಮಾಡಿಸಿದ ಪರೀಕ್ಷೆಯೊಂದರಲ್ಲಿ ನೈಟ್ರೋಫ್ಯುರಾನ್ ಎಂಬ ನಿಷೇಧಿತ ಆ್ಯಂಟಿಬಯೋಟಿಕ್‌ನ ಅಂಶ ಮೊಟ್ಟೆಯಲ್ಲಿ ಸಿಕ್ಕಿತೆಂದು ವಿಡಿಯೊ ಹರಿದಾಡಿತು. ಮೊಟ್ಟೆ ತಿಂದರೆ ಕ್ಯಾನ್ಸರ್ ಬರುತ್ತದೆ ಎನ್ನುವಲ್ಲಿಗೆ ಮಾತು ಮುಟ್ಟಿತು. ದೇಶದ ಮೊಟ್ಟೆ ಸುರಕ್ಷಿತ, ಭಯ ಬೇಡ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಸ್ಪಷ್ಟೀಕರಣ ಕೊಟ್ಟಿತು. ಅದೇ ತಿಂಗಳ 28ರಂದು ಪ್ರಧಾನಿಯವರು ತಮ್ಮ ಬಾನುಲಿ ಭಾಷಣದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ವರದಿಯನ್ನು ಉಲ್ಲೇಖಿಸಿ, ನ್ಯುಮೋನಿಯಾ ಮತ್ತು ಮೂತ್ರನಾಳದ ಸೋಂಕಿನಂಥ ಕಾಯಿಲೆಗಳಲ್ಲಿ ಆ್ಯಂಟಿಬಯೋಟಿಕ್‌ಗಳು ದುರ್ಬಲವಾಗುತ್ತಿವೆ ಎಂದರು.

ಎರಡು ಸುದ್ದಿಗಳಲ್ಲೂ ಇದ್ದದ್ದು ಆ್ಯಂಟಿಬಯೋಟಿಕ್ ಎಂಬ ಒಂದೇ ಪದ. ಹಾಗಾಗಿ ಅವೆರಡೂ ಒಂದೇ ಕಥೆಯಂತೆ ಕಂಡವು. ಮೊಟ್ಟೆ, ಹಾಲಿನಲ್ಲಿ ಔಷಧವಿದೆ, ಅದನ್ನು ತಿಂದು ಕುಡಿದು ನಮಗೆ ಮಾತ್ರೆ ನಾಟುತ್ತಿಲ್ಲ ಎಂದು ಬಹಳ ಮಂದಿ ಅರ್ಥ ಮಾಡಿಕೊಂಡರು. ಪ್ರಾಧಿಕಾರವು ಮೊಟ್ಟೆ ಸುರಕ್ಷಿತ ಎಂದ ಮೇಲೆ ಎರಡನೆಯ ಸಮಸ್ಯೆಯೂ ಇಲ್ಲವೆಂದು ಇನ್ನು ಕೆಲವರು ನಿರಾಳರಾದರು. ಎರಡೂ ತಪ್ಪು. ಈ ತಪ್ಪು ತಿಳಿವಳಿಕೆ ಕೋಲಾರ, ಚಿಕ್ಕಬಳ್ಳಾಪುರದಂಥ ಜಿಲ್ಲೆಗಳಿಗೆ ಹೆಚ್ಚು ದುಬಾರಿಯಾಗಬಹುದು. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ಚಿನ್ನದ ಗಣಿ ಮುಚ್ಚಿ ಎರಡು ದಶಕ ದಾಟಿದೆ. ಮನೆಗೆ ವಾರವಾರ ಕಾಸು ತರುವುದು ಹಾಲು. ಹಸು ಕಟ್ಟುವ ಜಾಗಕ್ಕೂ ಅಡುಗೆ ಮನೆಗೂ ನಡುವೆ ಎಷ್ಟೋ ಮನೆಗಳಲ್ಲಿ ಒಂದು ಗೋಡೆ ಮಾತ್ರ.

ಮೊಸರಾಗದ ಹಾಲು

ಮೊದಲು ಔಷಧದ ಉಳಿಕೆಯನ್ನು ನೋಡೋಣ. ಹಸುವಿಗೆ ಇಂಜೆಕ್ಷನ್ ಕೊಟ್ಟಾಗ ಆ ಔಷಧದ ಸ್ವಲ್ಪ ಭಾಗ ಹಾಲಿಗೂ ಇಳಿಯುತ್ತದೆ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಬೆಳಗಾದರೂ ಅದು ಹೆಪ್ಪುಗಟ್ಟದೆ ನೀರುನೀರಾಗಿ ಉಳಿಯಬಹುದು. ಹಾಲನ್ನು ಮೊಸರು ಮಾಡುವುದೂ ಬ್ಯಾಕ್ಟೀರಿಯಾಗಳೇ. ಔಷಧಕ್ಕೆ ಒಳ್ಳೆಯದು ಕೆಟ್ಟದ್ದು ಎಂಬ ಭೇದ ಗೊತ್ತಿಲ್ಲ, ಹೆಪ್ಪಿನಲ್ಲಿದ್ದವನ್ನೂ ಕೊಂದುಬಿಡುತ್ತದೆ. ಹಾಲಿನಲ್ಲಿ ಆ್ಯಂಟಿಬಯೋಟಿಕ್ ಪತ್ತೆ ಮಾಡುವ ಒಂದು ಬಗೆಯ ಪರೀಕ್ಷೆಯೂ ಇದೇ ತತ್ವದ ಮೇಲೆ ನಡೆಯುತ್ತದೆ: ಸೂಕ್ಷ್ಮ ಬ್ಯಾಕ್ಟೀರಿಯಾವೊಂದನ್ನು ಹಾಲಿನಲ್ಲಿ ಬಿಟ್ಟು, ಅದು ಬೆಳೆಯಿತೋ ಇಲ್ಲವೋ ನೋಡುವುದು.

ಉಳಿಕೆ ಎಂದರೆ ರಾಸಾಯನಿಕ. ಅದನ್ನು ಅಳೆಯಬಹುದು, ಮಿತಿ ಹಾಕಬಹುದು, ದಿನ ಕಳೆದಂತೆ ಅದು ಹಸುವಿನ ಮೈಯಿಂದ ಹೊರಹೋಗುತ್ತದೆ. ಡಿಸೆಂಬರ್‌ನ ಗದ್ದಲ ಪೂರ್ತಿಯಾಗಿ ಇದರ ಬಗ್ಗೆ ಇತ್ತು. ನೈಟ್ರೋಫ್ಯುರಾನ್ ಉಳಿಕೆಗೆ ಕಿಲೋಗೆ 1 ಮೈಕ್ರೋಗ್ರಾಂ ಎಂಬ ಮಿತಿ ಇದೆ. ಆದರೆ ಕೋಳಿಗೆ ಅದನ್ನು ಕೊಡುವುದಕ್ಕೆ ಯಾವ ಹಂತದಲ್ಲೂ ಅನುಮತಿಯಿಲ್ಲ. ಹಾಗಿದ್ದರೆ ಮಿತಿ ಏಕೆ? ಪ್ರಯೋಗಾಲಯದ ಯಂತ್ರ ನಂಬಲರ್ಹವಾಗಿ ಗುರುತಿಸಬಲ್ಲ ಕನಿಷ್ಠ ಪ್ರಮಾಣ ಅದು, ಕ್ರಮ ಕೈಗೊಳ್ಳಲು ಇಟ್ಟುಕೊಂಡ ಗೆರೆ. ನಿಷೇಧವೂ ಇದೆ, ಮಿತಿಯೂ ಇದೆ ಎಂಬ ಈ ವಿಚಿತ್ರವನ್ನು ಯಾರೂ ಸರಿಯಾಗಿ ಬಿಡಿಸಿ ಹೇಳದ್ದರಿಂದಲೇ ಅರ್ಧ ಗೊಂದಲ ಹುಟ್ಟಿತು.

ಪ್ರತಿರೋಧದ, ಅಂದರೆ ಔಷಧ ಬಿದ್ದರೂ ಬ್ಯಾಕ್ಟೀರಿಯಾ ಸಾಯದೆ ಉಳಿಯುವುದರ, ಕಥೆ ಬೇರೆ. ಅದು ರಾಸಾಯನಿಕ ಅಲ್ಲ, ಜೀವಿ. ಏಳು ದಿನ ಬಿಟ್ಟರೆ ಔಷಧ ಹಾಲಿನಿಂದ ಹೋಗುತ್ತದೆ, ಆದರೆ ಆ ಏಳು ದಿನಗಳಲ್ಲಿ ಔಷಧವನ್ನು ಜಯಿಸಿ ಉಳಿದ ಬ್ಯಾಕ್ಟೀರಿಯಾ ಹಸುವಿನ ಕರುಳಿನಲ್ಲಿ, ಸಗಣಿಯಲ್ಲಿ, ಕೊಟ್ಟಿಗೆಯ ನೆಲದಲ್ಲಿ ಸಂಸಾರ ಹೂಡಿರುತ್ತದೆ. ಎಂಟನೆಯ ದಿನದ ಹಾಲು ಗಟ್ಟಿಯಾಗಿ ಮೊಸರಾಗುತ್ತದೆ, ಪ್ರಯೋಗಾಲಯದ ವರದಿ ಶುದ್ಧ ಬರುತ್ತದೆ. ತಿಪ್ಪೆಯಲ್ಲಿ ಏನಿದೆ ಎಂಬುದನ್ನು ಆ ವರದಿ ಹೇಳುವುದಿಲ್ಲ. ಅದನ್ನು ಯಾರೂ ಕೇಳಿರುವುದೂ ಇಲ್ಲ.

ದೇಹಕ್ಕೆ ಒಗ್ಗುವ ಮಾತಲ್ಲ

ಕನ್ನಡದಲ್ಲಿ ಈ ವಿಷಯ ವಿವರಿಸಲು ಒಂದು ಭಾಷಿಕ ತೊಡಕೂ ಇದೆ. ರೋಗನಿರೋಧಕ ಶಕ್ತಿ ಎಂಬ ಮಾತು ನಮ್ಮ ದೇಹಕ್ಕೆ ಸಂಬಂಧಿಸಿದ್ದು, ಒಳ್ಳೆಯದು. ಔಷಧ ನಿರೋಧಕತೆ ಎಂದಾಗ ಕಿವಿಗೆ ಅದೇ ಬಗೆಯ ಒಳ್ಳೆಯ ಗುಣದಂತೆ ಕೇಳುತ್ತದೆ. ಜನರ ಮಾತಿನಲ್ಲಂತೂ 'ಆ ಮಾತ್ರೆ ಮೈಗೆ ಒಗ್ಗಿಹೋಗಿದೆ, ಬೇರೆ ಬರೆಸಿಕೊಳ್ಳಬೇಕು' ಎನ್ನುವುದೇ ರೂಢಿ. ಮೈಗೆ ಏನೂ ಒಗ್ಗಿರುವುದಿಲ್ಲ. ಔಷಧಕ್ಕೆ ಬಗ್ಗದಿರುವುದು ಬ್ಯಾಕ್ಟೀರಿಯಾ. ಇದು ಪದದ ಜಗಳವಲ್ಲ. ಮೈಗೆ ಒಗ್ಗಿದ್ದಾದರೆ ಅದು ನನ್ನೊಬ್ಬನ ತೊಂದರೆ. ಬ್ಯಾಕ್ಟೀರಿಯಾ ಬಗ್ಗದಿದ್ದರೆ ಅದು ನನ್ನಿಂದ ನೆರೆಯವರಿಗೆ, ನನ್ನ ಹಸುವಿನಿಂದ ನನ್ನ ಮಗುವಿಗೆ ದಾಟಬಹುದಾದ ತೊಂದರೆ. ಒಂದೂ ಮಾತ್ರೆ ನುಂಗದವರಿಗೂ ಅದು ತಗಲುತ್ತದೆ.

ಇದು ನಡೆಯುವ ಬಗೆ ಸರಳ. ಕರುಳಿನಲ್ಲಿ ವಾಸಿಸುವ ಇ. ಕೋಲೈನಂಥ ಬ್ಯಾಕ್ಟೀರಿಯಾ ಅನುಕೂಲವಿದ್ದಾಗ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಕೋಟ್ಯಂತರ ಪ್ರತಿಗಳು ತಯಾರಾಗುವಾಗ ಡಿಎನ್‌ಎಯಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪು ಆಗಿಯೇ ಆಗುತ್ತದೆ. ಆ ತಪ್ಪುಗಳಲ್ಲಿ ಯಾವುದೋ ಒಂದು ಔಷಧದಿಂದ ಪಾರಾಗುವ ಉಪಾಯವಾಗಿ ಒದಗುತ್ತದೆ. ಔಷಧ ಬಿದ್ದಾಗ ಉಳಿದವೆಲ್ಲ ಸಾಯುತ್ತವೆ, ಆ ಒಂದಕ್ಕೆ ಹೊಲವೆಲ್ಲ ಖಾಲಿ ಸಿಗುತ್ತದೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಸ್ವೀಕರಿಸುವಾಗಲೇ, ಅರೆಬರೆ ಪ್ರಮಾಣದ ಔಷಧ ಬ್ಯಾಕ್ಟೀರಿಯಾಗಳನ್ನು ಪಳಗಿಸಿಬಿಡುತ್ತದೆ ಎಂದು ಎಚ್ಚರಿಸಿದ್ದರು.

ಇದಕ್ಕಿಂತ ತಲೆನೋವಿನ ಸಂಗತಿ ಇನ್ನೊಂದಿದೆ. ಬ್ಯಾಕ್ಟೀರಿಯಾಗಳು ತಮ್ಮ ಉಪಾಯವನ್ನು ಮಕ್ಕಳಿಗಷ್ಟೇ ಅಲ್ಲ, ಪಕ್ಕದವರಿಗೂ ಕೊಡುತ್ತವೆ. ಪ್ಲಾಸ್ಮಿಡ್ ಎಂಬ ಉಂಗುರದಾಕಾರದ ಪುಟ್ಟ ಡಿಎನ್‌ಎ ತುಣುಕಿನಲ್ಲಿ ಒಂದಲ್ಲ, ನಾಲ್ಕೈದು ಔಷಧಗಳಿಂದ ಪಾರಾಗುವ ಜೀನ್‌ಗಳು ಒಟ್ಟಿಗೆ ಕೂತಿರಬಹುದು. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ಇನ್ನೊಂದು ಜಾತಿಗೆ ದಾಟಿಸುತ್ತದೆ. ಹಸುವಿನ ಕರುಳಿನ ನಿರುಪದ್ರವಿ ಜೀವಿಯ ಬಳಿಯಿದ್ದ ಬೀಗದ ಕೈ ಹೀಗೆ ಮನುಷ್ಯನಿಗೆ ರೋಗ ತರುವ ಜೀವಿಯ ಕೈಸೇರಬಹುದು. ಹಸುವಿನಿಂದ ನಮಗೆ ಕಾಯಿಲೆಯೇ ಬರಬೇಕೆಂದಿಲ್ಲ, ಜೀನ್ ಬಂದರೆ ಸಾಕು.

ಒಂದು ಕೆಚ್ಚಲು ಬಾವಿನ ಲೆಕ್ಕ

ಮಾಲೂರು ಅಥವಾ ಚಿಂತಾಮಣಿ ತಾಲ್ಲೂಕಿನ ಯಾವ ಹಳ್ಳಿಯಲ್ಲಾದರೂ ಇದು ನಡೆಯುತ್ತದೆ. ಕರು ಹಾಕಿ ತಿಂಗಳಾಗಿರದ ಸೀಮೆಹಸು. ಬೆಳಗಿನ ಜಾವ ಹಾಲು ಕರೆಯಲು ಕೂತಾಗ ಒಂದು ಮೊಲೆಯ ಭಾಗ ಬಿಸಿಯಾಗಿ, ಕಲ್ಲಿನಂತೆ ಗಟ್ಟಿಯಾಗಿದೆ. ಕೈ ಇಟ್ಟರೆ ಹಸು ಒದೆಯುತ್ತದೆ. ಮೊದಲ ನಾಲ್ಕು ಧಾರೆ ಹಾಲಿನಲ್ಲಿ ಒಡೆದ ಹಾಲಿನಂಥ ಚೂರುಗಳು. ಕೆಚ್ಚಲು ಬಾವು.

ಸಾಲ ಮಾಡಿ ತಂದ ಹಸು ಅದು. ಒಂದು ಮೊಲೆ ಕೆಟ್ಟುಹೋದರೆ ಅದರ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಫೋನ್ ಹೋಗುತ್ತದೆ. ಪಶುವೈದ್ಯರು ಬಂದರೆ ಅವರು, ಅವರು ಇನ್ನೊಂದು ಹಳ್ಳಿಯಲ್ಲಿದ್ದರೆ ಇಂಜೆಕ್ಷನ್ ಹಾಕಲು ಗೊತ್ತಿರುವ ಇನ್ನೊಬ್ಬರು. ಯಾವ ಬ್ಯಾಕ್ಟೀರಿಯಾದಿಂದ ಬಾವು ಬಂದಿದೆ, ಅದಕ್ಕೆ ಯಾವ ಔಷಧ ನಾಟುತ್ತದೆ ಎಂದು ನೋಡಲು ಹಾಲನ್ನು ಕಲ್ಚರ್ ಪರೀಕ್ಷೆಗೆ ಕಳಿಸಬೇಕು. ಅದಕ್ಕೆ ಎರಡು ಮೂರು ದಿನ ಬೇಕು. ಕೆಚ್ಚಲು ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ಊಹೆಯ ಮೇಲೆ, ಎಲ್ಲಕ್ಕೂ ಹೊಡೆಯುವಂಥ ಬಲವಾದ ಔಷಧವೇ ಬರುತ್ತದೆ. ಅದು ಬಹಳ ಸಲ ಸೆಫ್ಟ್ರಿಯಾಕ್ಸೋನ್. ಆಸ್ಪತ್ರೆಗೆ ದಾಖಲಾದ ಮನುಷ್ಯರಿಗೆ ತೀವ್ರ ಸೋಂಕಿಗೆ ರಕ್ತನಾಳದ ಮೂಲಕ ಕೊಡುವ ಔಷಧವೂ ಅದೇ. ಪಶುಗಳಿಗೆಂದೇ ತಯಾರಾಗುವ ಎನ್ರೋಫ್ಲಾಕ್ಸಸಿನ್ ಹೆಸರಿಗೆ ಬೇರೆ, ಆದರೆ ಹಸುವಿನ ಮೈಯಲ್ಲಿ ಅದರ ಒಂದು ಭಾಗ ಸಿಪ್ರೋಫ್ಲಾಕ್ಸಸಿನ್ ಆಗಿ ಮಾರ್ಪಡುತ್ತದೆ. ಮನುಷ್ಯರ ಭೇದಿಗೆ, ಮೂತ್ರದ ಉರಿಗೆ ಔಷಧದ ಅಂಗಡಿಯಲ್ಲಿ ಕೇಳಿ ಪಡೆಯುವ ಅದೇ 'ಸಿಪ್ರೋ'. ಡಬ್ಬಿ ಬೇರೆ, ಬ್ಯಾಕ್ಟೀರಿಯಾದ ಕಣ್ಣಿಗೆ ಶತ್ರು ಒಬ್ಬನೇ.

ಎರಡನೆಯ ದಿನ ಬಾವು ಇಳಿಯುತ್ತದೆ. ಮೂರನೆಯ ಇಂಜೆಕ್ಷನ್ನಿನ ದುಡ್ಡು ಉಳಿಯುತ್ತದೆ. ಇನ್ನು ಹಾಲು. ಔಷಧದ ಪೊಟ್ಟಣದ ಮೇಲೆ ಇಷ್ಟು ದಿನ ಹಾಲು ಹಾಕಬಾರದು ಎಂದು ಬರೆದಿರಬೇಕು. ಅಂಥ ಅವಧಿ ನಿಗದಿಯಾಗಿಲ್ಲದ ಔಷಧಕ್ಕೆ ಹಾಲು, ಮೊಟ್ಟೆಯಾದರೆ ಕನಿಷ್ಠ 7 ದಿನ, ಮಾಂಸವಾದರೆ 28 ದಿನ ಎಂದು 2012ರಿಂದ ದೇಶದ ಔಷಧ ನಿಯಮವಿದೆ. ದಿನಕ್ಕೆ ಹತ್ತು ಲೀಟರ್ ಕೊಡುವ ಹಸುವಾದರೆ ಏಳು ದಿನಕ್ಕೆ 70 ಲೀಟರ್. ಲೀಟರಿಗೆ 35 ರೂಪಾಯಿ ಎಂದು ಹಿಡಿದರೂ 2,450 ರೂಪಾಯಿ ಚರಂಡಿಗೆ. ಈ ನಷ್ಟವನ್ನು ತುಂಬಿಕೊಡುವವರು ಯಾರೂ ಇಲ್ಲ. ಉಳಿದ ಮೂರು ಮೊಲೆಯ ಹಾಲು ನೋಡಲು ಬೆಳ್ಳಗೆ, ಚೆನ್ನಾಗಿಯೇ ಇದೆ. ಬೆಳಿಗ್ಗೆ ಡೇರಿಯಲ್ಲಿ ದರ ನಿರ್ಧಾರವಾಗುವುದು ಕೊಬ್ಬು ಮತ್ತು ಘನಾಂಶದ ಮೇಲೆ. ರೈತನನ್ನು ಬೈಯುವ ಮೊದಲು ಈ ಲೆಕ್ಕವನ್ನು ಒಮ್ಮೆ ಕೂಡಿ ಕಳೆಯಬೇಕು.

ನಿಯಮ ಪಾಲಿಸುವ ರೈತನೂ ಒಂದು ಕೆಲಸ ಮಾಡುತ್ತಾನೆ. ಡೇರಿಗೆ ಹಾಕಬಾರದ ಹಾಲನ್ನು ಚೆಲ್ಲಲು ಮನಸ್ಸು ಬರದೆ ಕರುವಿಗೆ ಕುಡಿಸುತ್ತಾನೆ. ಔಷಧದ ಉಳಿಕೆಯಿರುವ ಆ ಹಾಲು ಕರುವಿನ ಎಳೆಯ ಕರುಳಿನಲ್ಲಿ ಬಗ್ಗದ ಬ್ಯಾಕ್ಟೀರಿಯಾಗಳಿಗೆ ಹದವಾದ ಪಾತಿ ಮಾಡಿಕೊಡುತ್ತದೆ. ಹಲವು ದೇಶಗಳ ಅಧ್ಯಯನಗಳು ಇದನ್ನು ತೋರಿಸಿವೆ. ಗ್ರಾಹಕನ ಲೋಟ ಶುದ್ಧ, ವರದಿ ಶುದ್ಧ, ಪ್ರತಿರೋಧ ಮಾತ್ರ ಕೊಟ್ಟಿಗೆಯಲ್ಲೇ ಬೆಳೆಯಿತು.

ಅಲ್ಲಿಂದ ಮುಂದಿನ ದಾರಿ ಎಲ್ಲರಿಗೂ ಗೊತ್ತಿರುವ ದಾರಿ. ಟೆಟ್ರಾಸೈಕ್ಲಿನ್‌ನಂಥ ಔಷಧಗಳ ದೊಡ್ಡ ಪಾಲು ಮೈಯಲ್ಲಿ ಬದಲಾಗದೆ ಗಂಜಲ, ಸಗಣಿಯಲ್ಲೇ ಹೊರಬೀಳುತ್ತದೆ. ಜೊತೆಗೆ ಬ್ಯಾಕ್ಟೀರಿಯಾವೂ. ಕೊಟ್ಟಿಗೆ ಗುಡಿಸುವ ಕೈ, ಕೆಚ್ಚಲು ತೊಳೆಯುವ ಕೈ, ಹಿಟ್ಟು ಕಲಸುವ ಕೈ ಒಂದೇ. ತಿಪ್ಪೆ ಪೂರ್ತಿ ಕೊಳೆತು ಬಿಸಿಯೇರಿ ಗೊಬ್ಬರವಾದರೆ ಬಹುಪಾಲು ಬ್ಯಾಕ್ಟೀರಿಯಾ ಸಾಯುತ್ತವೆ. ಹಸಿ ಗೊಬ್ಬರವನ್ನೇ ಕೊತ್ತಂಬರಿ ಮಡಿಗೆ ಹಾಕಿದರೆ ಸಾಯುವುದಿಲ್ಲ, ಕೊತ್ತಂಬರಿಯನ್ನು ನಾವು ಹಸಿಯಾಗಿಯೇ ತಿನ್ನುತ್ತೇವೆ.

ಕಾಯಿಸಿದ ಹಾಲಿನ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆಗೆ ಉತ್ತರ ಚಿಕ್ಕದು. ಉಕ್ಕಿ ಬರುವಂತೆ ಕಾಯಿಸಿದರೆ ರೋಗ ತರುವ ಬ್ಯಾಕ್ಟೀರಿಯಾ ಸಾಯುತ್ತವೆ, ಬಗ್ಗದವೂ ಸಾಯುತ್ತವೆ, ಔಷಧಕ್ಕೆ ಬಗ್ಗದಿದ್ದರೂ ಬೆಂಕಿಗೆ ಬಗ್ಗುತ್ತವೆ. ಬೇಯಿಸಿದ ಮೊಟ್ಟೆ, ಮಾಂಸಕ್ಕೂ ಇದೇ ಮಾತು. ಹಸಿ ಕೋಳಿ ಕೊಯ್ದ ಮಣೆಯ ಮೇಲೆ ಸೌತೆಕಾಯಿ ಹೆಚ್ಚುವುದು ಮಾತ್ರ ಬೇಡ.

ಕೋಳಿಯ ಮೇವಿಗೆ ಔಷಧ ಬಂದ ಬಗೆ

ಹಸುವಿಗೆ ಔಷಧ ಹೋಗುವುದು ಕಾಯಿಲೆ ಬಂದಾಗ. ಕೋಳಿಯ ಕಥೆ ಹಾಗಲ್ಲ, ಅದರ ಬೇರು ನಮ್ಮ ಗಡಿಯಾಚೆಯ ಒಂದು ಹೆಸರಿಗೂ ತಗಲುತ್ತದೆ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಸಂಶೋಧನೆಯ ಹೊಣೆ ಹೊತ್ತಿದ್ದಾಗ, ಅವರ ತಂಡದ ಬೆಂಜಮಿನ್ ಡಗ್ಗರ್ ಆರಿಯೋಮೈಸಿನ್ ಎಂಬ ಔಷಧ ಕಂಡುಹಿಡಿದರು. ಅದು ಪ್ರಕಟವಾದದ್ದು 1948ರಲ್ಲಿ. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಆರಿಯೋಮೈಸಿನ್ ತಯಾರಿಸಿ ಉಳಿದ ಗಷ್ಟನ್ನು ಕೋಳಿಮರಿಗಳಿಗೆ ತಿನ್ನಿಸಿ ನೋಡಿದ ಅದೇ ಸಂಸ್ಥೆಯ ವಿಜ್ಞಾನಿಗಳಿಗೆ, ಆ ಮರಿಗಳು ಬೇಗ ಬೆಳೆಯುವುದು ಕಂಡಿತು. 1950ರ ಹೊತ್ತಿಗೆ ಇದು ಸುದ್ದಿಯಾಯಿತು. ರೋಗಕ್ಕೆಂದು ಹುಟ್ಟಿದ ಔಷಧ ಹೀಗೆ ಮೇವಾಯಿತು. ಸಣ್ಣ ಪ್ರಮಾಣ, ಪ್ರತಿದಿನ, ಎಲ್ಲ ಹಕ್ಕಿಗಳಿಗೂ: ಫ್ಲೆಮಿಂಗ್ ಯಾವುದನ್ನು ಮಾಡಬಾರದೆಂದಿದ್ದರೋ ಅದನ್ನೇ ಜಗತ್ತು ವ್ಯಾಪಾರವಾಗಿ ಮಾಡಿತು.

ಇಂದಿನ ಬ್ರಾಯ್ಲರ್ ಶೆಡ್ಡಿನಲ್ಲಿ ಸಾವಿರಾರು ಮರಿಗಳು ಭತ್ತದ ಹೊಟ್ಟಿನ ಮೇಲೆ ಸುಮಾರು ನಲವತ್ತು ದಿನ ಬದುಕುತ್ತವೆ. ಒಪ್ಪಂದದ ಸಾಕಣೆಯಲ್ಲಿ ಮರಿ, ಮೇವು, ಔಷಧ ಎಲ್ಲವೂ ಕಂಪನಿಯದು. ಶೆಡ್ಡು, ಕರೆಂಟು, ಕೂಲಿ ರೈತನದು, ಅವನಿಗೆ ಸಿಗುವುದು ಕಿಲೋ ಲೆಕ್ಕದ ಸಾಕಣೆ ಕೂಲಿ. ನಾಲ್ಕು ಕೋಳಿ ಕೆಮ್ಮಿದರೆ ಆ ನಾಲ್ಕನ್ನು ಹಿಡಿದು ಔಷಧ ಹಾಕಲಾಗುವುದಿಲ್ಲ, ನೀರಿನ ಟ್ಯಾಂಕಿಗೇ ಬೆರೆಸುತ್ತಾರೆ. ಬ್ಯಾಚ್ ಮುಗಿದ ಮೇಲೆ ಹೊಟ್ಟು, ಹಿಕ್ಕೆ ಸೇರಿದ ಕೋಳಿ ಗೊಬ್ಬರ ಲಾರಿ ಲೆಕ್ಕದಲ್ಲಿ ತೋಟಗಳಿಗೆ ಹೋಗುತ್ತದೆ.

ಇದರ ಪರಿಣಾಮ ಕಣ್ಣಿಗೆ ಹೊಡೆದಂತೆ ಕಂಡದ್ದು 2015ರ ನವೆಂಬರ್‌ನಲ್ಲಿ, ಚೀನಾದಲ್ಲಿ. ಕೊಲಿಸ್ಟಿನ್ ಎಂಬ ಹಳೆಯ ಔಷಧ ಮೂತ್ರಪಿಂಡಕ್ಕೆ ಹಾನಿ ಎಂದು ಮೂಲೆ ಸೇರಿತ್ತು. ಬೇರೆಲ್ಲ ಸೋತಾಗ ವೈದ್ಯರು ಅದನ್ನು ಕೊನೆಯ ಅಸ್ತ್ರವಾಗಿ ಮತ್ತೆ ಕೈಗೆತ್ತಿಕೊಂಡರು. ಅಷ್ಟರಲ್ಲಿ ಹಂದಿ, ಕೋಳಿ ಸಾಕುವವರು ಅದನ್ನು ಟನ್ನುಗಟ್ಟಲೆ ಮೇವಿಗೆ ಹಾಕುತ್ತಿದ್ದರು. ಕೊಲಿಸ್ಟಿನ್‌ಗೆ ಬಗ್ಗದ ಎಂಸಿಆರ್-1 ಎಂಬ ಜೀನ್ ಪ್ಲಾಸ್ಮಿಡ್ ಮೇಲೆ ಕೂತು ಓಡಾಡುತ್ತಿರುವುದನ್ನು ವಿಜ್ಞಾನಿಗಳು ಕಂಡರು. ಪರೀಕ್ಷಿಸಿದ ಪ್ರಾಣಿಗಳಿಂದ ಪಡೆದ ಇ. ಕೋಲೈ ಮಾದರಿಗಳಲ್ಲಿ ಶೇ 21, ಹಸಿ ಮಾಂಸದವುಗಳಲ್ಲಿ ಶೇ 15, ಆಸ್ಪತ್ರೆಯ ರೋಗಿಗಳ ಮಾದರಿಗಳಲ್ಲಿ ಶೇ 1. ಈ ಇಳಿಜಾರೇ ಹರಿವಿನ ದಿಕ್ಕನ್ನು ಸೂಚಿಸುತ್ತಿತ್ತು. 2017ರಲ್ಲಿ ಚೀನಾ ಮೇವಿಗೆ ಕೊಲಿಸ್ಟಿನ್ ಬೆರೆಸುವುದನ್ನು ನಿಲ್ಲಿಸಿತು. ಮುಂದಿನ ಎರಡು ಮೂರು ವರ್ಷಗಳಲ್ಲಿ ಹಂದಿಗಳಲ್ಲೂ ಮನುಷ್ಯರಲ್ಲೂ ಆ ಜೀನ್ ಗಣನೀಯವಾಗಿ ಇಳಿಯಿತು. ಭಾರತ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ತಯಾರಿಕೆ, ಮಾರಾಟ, ಬಳಕೆಯನ್ನು ನಿಷೇಧಿಸಿತು.

ಯಾರಿಂದ ಯಾರಿಗೆ?

ಇಲ್ಲಿ ತಜ್ಞರು ಒಮ್ಮತದಿಂದಿದ್ದಾರೆ ಎಂದುಕೊಳ್ಳಬೇಡಿ. ಮನುಷ್ಯರ ವೈದ್ಯರು ಕೋಳಿ ಫಾರಂ ಕಡೆ ಬೆರಳು ತೋರಿಸುತ್ತಾರೆ. ಪಶುವೈದ್ಯರು, ಶೀತ ಕೆಮ್ಮಿಗೂ ಆ್ಯಂಟಿಬಯೋಟಿಕ್ ಬರೆಯುವವರು ನಮಗೆ ಪಾಠ ಹೇಳಬೇಕೆ ಎಂದು ಕೇಳುತ್ತಾರೆ. ಇಬ್ಬರ ಬಳಿಯೂ ಪುರಾವೆ ಇದೆ.

ಮೊದಲ ಪಕ್ಷದ ಬಲ ಚೀನಾದ ಕೊಲಿಸ್ಟಿನ್ ಕಥೆ, ಮತ್ತು ಅದಕ್ಕೂ ಹಿಂದಿನ ಡೆನ್ಮಾರ್ಕ್. ಅಲ್ಲಿ ಕೋಳಿ, ಹಂದಿಗಳಿಗೆ ಕೊಡುತ್ತಿದ್ದ ಆವೊಪಾರ್ಸಿನ್ ಅನ್ನು 1995ರಲ್ಲಿ ನಿಷೇಧಿಸಿದ ಮೇಲೆ, ಆಸ್ಪತ್ರೆಗಳಲ್ಲಿ ಬಳಸುವ ವ್ಯಾಂಕೋಮೈಸಿನ್‌ಗೆ ಬಗ್ಗದ ಬ್ಯಾಕ್ಟೀರಿಯಾ ಕೋಳಿಗಳಲ್ಲಿ ತೀವ್ರವಾಗಿ ಕುಸಿಯಿತು. ಎರಡನೆಯ ಪಕ್ಷದ ಬಲ 2019ರಲ್ಲಿ ಪ್ರಕಟವಾದ ಪೂರ್ವ ಇಂಗ್ಲೆಂಡಿನ ಅಧ್ಯಯನ. ಜಾನುವಾರುಗಳ ಇ. ಕೋಲೈ ಮತ್ತು ಆಸ್ಪತ್ರೆಯ ರೋಗಿಗಳ ಇ. ಕೋಲೈಗಳ ಜೀನ್ ಸರಣಿಯನ್ನು ಪೂರ್ತಿ ಓದಿ ಹೋಲಿಸಿದಾಗ, ಎರಡೂ ಬಹುಪಾಲು ಬೇರೆ ಬೇರೆ ವಂಶದವು ಎಂದು ಕಂಡಿತು. ಮನುಷ್ಯರ ಪ್ರತಿರೋಧದ ದೊಡ್ಡ ಪಾಲು ಮನುಷ್ಯರದೇ ಕೊಡುಗೆ ಎಂದು ಇದರಿಂದ ವಾದಿಸಬಹುದು.

ಆ ಪುರಾವೆಯನ್ನು ಹಾಗೆಯೇ ತಂದು ಮುಳಬಾಗಿಲಿನಲ್ಲಿ ನೆಡಲಾಗದು ಎಂಬುದು ಈ ಲೇಖನದ ಅಭಿಪ್ರಾಯ. ಇಂಗ್ಲೆಂಡಿನ ಹಸು ಊರಿನಿಂದ ದೂರದ ಫಾರಂನಲ್ಲಿರುತ್ತದೆ, ಅದನ್ನು ಮುಟ್ಟುವವರು ಬೆರಳೆಣಿಕೆಯ ಮಂದಿ, ಊರಿನ ಮಲಿನ ನೀರು ಮುಚ್ಚಿದ ಕೊಳವೆಯಲ್ಲಿ ಹರಿಯುತ್ತದೆ. ಇಲ್ಲಿ ಎರಡು ಹಸು ಕಟ್ಟಿದ ಮನೆಗಳು ಊರಿಗೆ ಊರೇ. ಅಷ್ಟೇ ಅಲ್ಲ, ಹರಿವು ಒಂದೇ ದಿಕ್ಕಿನದೂ ಅಲ್ಲ. 2005ರ ಸುಮಾರಿಗೆ ನೆದರ್ಲೆಂಡ್ಸ್‌ನ ಹಂದಿ ಸಾಕುವ ಕುಟುಂಬಗಳಲ್ಲಿ ಕಂಡ, ಔಷಧಕ್ಕೆ ಬಗ್ಗದ ಸ್ಟೆಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾದ ತಳಿಯೊಂದರ ವಂಶಾವಳಿಯನ್ನು ಬಿಡಿಸಿದಾಗ ಸ್ವಾರಸ್ಯದ ಸಂಗತಿ ಹೊರಬಿತ್ತು. ಅದು ಮೊದಲು ಮನುಷ್ಯರಿಂದ ಹಂದಿಗೆ ಹೋಗಿತ್ತು. ಆಗ ಅದು ಸಾಧು. ಹಂದಿಯ ಮೈಯಲ್ಲಿ ಔಷಧಗಳ ನಡುವೆ ಬೆಳೆದು, ಬಗ್ಗದ ಜೀನ್‌ಗಳನ್ನು ಕೂಡಿಸಿಕೊಂಡು ಮತ್ತೆ ಮನುಷ್ಯರ ಬಳಿಗೆ ಬಂದಿತ್ತು. ಹೋಗಿ ಬಂದದ್ದನ್ನು ಯಾರದೆಂದು ಕರೆಯುವುದು?

ಕೆರೆಗೆ ಬಂದ ನಗರದ ನೀರು

ಈ ಎರಡು ಜಿಲ್ಲೆಗಳಲ್ಲಿ ಹರಿವಿಗೆ ಇನ್ನೊಂದು ಕಾಲುವೆಯೂ ಸೇರಿದೆ. 2018ರ ಜೂನ್‌ನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂತು. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಗಳ ಒಳಚರಂಡಿ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್‌ನಂತೆ ಕೆರೆಗಳಿಗೆ ಹರಿಸುವ ಯೋಜನೆ ಅದು. ಹೆಬ್ಬಾಳ ಮತ್ತು ನಾಗವಾರ ಕಣಿವೆಗಳ ನೀರು ಇದೇ ರೀತಿ ಚಿಕ್ಕಬಳ್ಳಾಪುರದ ಕಂದವಾರ ಮುಂತಾದ ಕೆರೆಗಳಿಗೆ ಬರುತ್ತದೆ. ಆರಂಭದಲ್ಲೇ ಕೆರೆಯಲ್ಲಿ ನೊರೆ ಕಂಡು ವಿವಾದವೆದ್ದಿತು, ಪ್ರಕರಣ ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ಇಲ್ಲಿನ ನೀರಾವರಿ ಹೋರಾಟಗಾರರು ಇಂದಿಗೂ ಕೇಳುತ್ತಿದ್ದಾರೆ. ಯೋಜನೆಯ ಪರ ಇರುವವರು ತುಂಬಿ ಕೋಡಿ ಬಿದ್ದ ಕೆರೆಗಳನ್ನು, ಮೇಲೆದ್ದ ಅಂತರ್ಜಲವನ್ನು ತೋರಿಸುತ್ತಾರೆ. ಸಾವಿರ ಅಡಿ ಕೊರೆದರೂ ಧೂಳೇ ಬರುತ್ತಿದ್ದ ನೆಲದಲ್ಲಿ ಅದು ಸಣ್ಣ ಮಾತಲ್ಲ.

ಈ ಜಗಳದಲ್ಲಿ ಭಾರಲೋಹ, ನೊರೆ, ನೈಟ್ರೇಟ್‌ಗಳ ಬಗ್ಗೆ ಬೇಕಾದಷ್ಟು ಮಾತಾಗಿದೆ. ಪ್ರತಿರೋಧದ ಬಗ್ಗೆ ಆಗಿರುವುದು ಕಡಿಮೆ. ಒಳಚರಂಡಿ ಎಂದರೆ ಲಕ್ಷಾಂತರ ಕರುಳುಗಳ, ಮನೆ ಮತ್ತು ಆಸ್ಪತ್ರೆಗಳ ಬ್ಯಾಕ್ಟೀರಿಯಾ ಒಂದೆಡೆ ಸೇರುವ ಸಂತೆ. ಎರಡನೆಯ ಹಂತದ ಶುದ್ಧೀಕರಣ ನಡೆಯುವುದೇ ಬ್ಯಾಕ್ಟೀರಿಯಾಗಳನ್ನು ದಟ್ಟವಾಗಿ ಬೆಳೆಸಿ, ಅವು ಕೊಳೆಯನ್ನು ತಿನ್ನುವಂತೆ ಮಾಡುವುದರಿಂದ. ಆ ದಟ್ಟಣೆಯಲ್ಲಿ ಪ್ಲಾಸ್ಮಿಡ್ ಕೈ ಬದಲಿಸಲು ಅವಕಾಶ ಹೆಚ್ಚು. ಹೊರಬರುವ ನೀರಿನಲ್ಲಿ ರೋಗಾಣುಗಳು ಬಹಳ ಕಡಿಮೆಯಾಗಿರುತ್ತವೆ, ಸೊನ್ನೆ ಆಗಿರುವುದಿಲ್ಲ. ಶೋಧಕ, ಕ್ಲೋರಿನ್, ನೇರಳಾತೀತ ಕಿರಣದಂಥ ಮೂರನೆಯ ಹಂತಕ್ಕೆ ಇರುವ ಬೆಲೆ ಇದೇ. ಇಂಥ ನೀರನ್ನು ಅಳೆಯುವ ನಮ್ಮ ಮಾನದಂಡಗಳು ಆಮ್ಲಜನಕದ ಬೇಡಿಕೆ, ತೇಲುವ ಕಣ, ಮಲಜನ್ಯ ಕೋಲಿಫಾರಂ (ಮಲದಿಂದ ಬರುವ ಬ್ಯಾಕ್ಟೀರಿಯಾ) ಎಣಿಕೆಗಳನ್ನು ಕೇಳುತ್ತವೆ, ಆ ಕೋಲಿಫಾರಂ ಯಾವ ಔಷಧಕ್ಕೆ ಬಗ್ಗುವುದಿಲ್ಲ ಎಂಬ ಕಾಲಂ ಇಲ್ಲ. ಔಷಧ ಕಾರ್ಖಾನೆಗಳ ತ್ಯಾಜ್ಯದಲ್ಲಿ ಆ್ಯಂಟಿಬಯೋಟಿಕ್ ಉಳಿಕೆಗೆ ಮಿತಿ ಹಾಕುವ ಕರಡನ್ನು ಕೇಂದ್ರ 2020ರ ಜನವರಿಯಲ್ಲಿ ಹೊರಡಿಸಿತ್ತು. 2021ರ ಅಂತಿಮ ನಿಯಮದಲ್ಲಿ ಆ ಮಿತಿಗಳು ಮಾಯವಾಗಿದ್ದವು.

2011ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನವೊಂದು, ಬಹುತೇಕ ಬಲವಾದ ಆ್ಯಂಟಿಬಯೋಟಿಕ್‌ಗಳನ್ನು ಸೋಲಿಸುವ ಎನ್‌ಡಿಎಂ-1 ಜೀನನ್ನು 50 ನಲ್ಲಿ ನೀರಿನ ಮಾದರಿಗಳಲ್ಲಿ 2ರಲ್ಲೂ, ಬೀದಿಯ ಗುಂಡಿ ಹಳ್ಳಗಳ 171 ಮಾದರಿಗಳಲ್ಲಿ 51ರಲ್ಲೂ ಕಂಡಿತ್ತು. ಆಗ ಸರ್ಕಾರಕ್ಕೆ ಹೆಚ್ಚು ನೋವಾದದ್ದು ಜೀನ್‌ಗೆ ರಾಜಧಾನಿಯ ಹೆಸರಿಟ್ಟಿದ್ದಕ್ಕೆ (ಎನ್‌ಡಿ ಎಂದರೆ ನ್ಯೂ ಡೆಲ್ಲಿ). ಕೋಲಾರದ ಕೆರೆಯಂಗಳದಲ್ಲಿ ಎಮ್ಮೆ, ಹಸು ಮೇಯುತ್ತವೆ, ನೀರು ಕುಡಿಯುತ್ತವೆ. ಕೆರೆಯಲ್ಲಿ ಮೀನು ಬಿಡುತ್ತಾರೆ. ನಗರದ ಮನುಷ್ಯನ ಬ್ಯಾಕ್ಟೀರಿಯಾ ಹಳ್ಳಿಯ ಹಸುವಿನ ಕರುಳು ಸೇರಲು ಇಷ್ಟು ಸಾಕು. ಇಂಥ ಕಡೆ ಕೊಟ್ಟಿಗೆಯೊಂದನ್ನೇ ದೂರಿದರೆ ರೈತರಿಗೆ ನ್ಯಾಯವಾಗುವುದಿಲ್ಲ.

ಕಾನೂನು ಎಲ್ಲಿಗೆ ಬಂದಿದೆ

ಕಾಗದದ ಮೇಲೆ ಭಾರತ ಹಿಂದಿಲ್ಲ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ, ಔಷಧ ನಿಯಮದ ಎಚ್-1 ಪಟ್ಟಿಯ ಪ್ರಕಾರ, ಸೆಫ್ಟ್ರಿಯಾಕ್ಸೋನ್‌ನಂಥ ಔಷಧ ಮಾರಿದರೆ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣವನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೆ ಎಳೆದ ಕೆಂಪು ಗೆರೆ 2016ರ ಪ್ರಚಾರಾಂದೋಲನದ ನೆನಪು: ಚೀಟಿ ಇಲ್ಲದೆ ಕೊಳ್ಳಬೇಡಿ ಎಂದರ್ಥ. ಔಷಧ ಪ್ರತಿರೋಧ ತಡೆಯುವ ರಾಷ್ಟ್ರೀಯ ಕ್ರಿಯಾಯೋಜನೆ 2017ರಲ್ಲಿ ಬಂತು, ಎರಡನೆಯದು 2025ರ ನವೆಂಬರ್‌ನಲ್ಲಿ. ಆಹಾರ ಪ್ರಾಣಿಗಳಲ್ಲಿ ಬಳಸಬಾರದ ಔಷಧಗಳ ಪಟ್ಟಿಯನ್ನು ವಿಸ್ತರಿಸಿದ ಆಹಾರ ಸುರಕ್ಷತಾ ನಿಯಮ 2025ರ ಏಪ್ರಿಲ್ 1ರಿಂದ ಹಾಲು, ಮೊಟ್ಟೆ, ಮಾಂಸ, ಮೀನು, ಜೇನು ಎಲ್ಲಕ್ಕೂ ಅನ್ವಯಿಸುತ್ತದೆ.

ಈ ಆತುರದ ಹಿಂದೆ ಯುರೋಪ್ ಇದೆ. ಬೆಳವಣಿಗೆಗೆಂದು ಆ್ಯಂಟಿಬಯೋಟಿಕ್ ಕೊಡುವುದನ್ನು 2006ರಲ್ಲೇ ನಿಲ್ಲಿಸಿದ ಯುರೋಪ್ ಒಕ್ಕೂಟ, 2022ರಿಂದ ಕಾಯಿಲೆ ಬಾರದಂತೆ ಮುಂಚಿತವಾಗಿ ಎಲ್ಲಕ್ಕೂ ಕೊಡುವ ರೂಢಿಗೂ ಕಡಿವಾಣ ಹಾಕಿದೆ. ತನ್ನ ಮಾರುಕಟ್ಟೆಗೆ ಬರುವ ಹೊರದೇಶದ ಪ್ರಾಣಿಜನ್ಯ ಆಹಾರಕ್ಕೂ 2026ರ ಸೆಪ್ಟೆಂಬರ್‌ನಿಂದ ಇಂಥ ಷರತ್ತು ಹಾಕಲು ಹೊರಟಿದೆ. ಸೀಗಡಿ, ಮೊಟ್ಟೆ ಪುಡಿ ರಫ್ತು ಮಾಡುವವರಿಗೆ ಇದು ಜೀವನ್ಮರಣದ ಪ್ರಶ್ನೆ. ಕೋಲಾರದ ಹಾಲು ಹೋಗುವುದು ಬೆಂಗಳೂರಿನ ಮನೆಗಳಿಗೆ. ರಫ್ತಿಗೆ ಒಂದು ಶೆಡ್ಡು, ಊಟಕ್ಕೆ ಒಂದು ಶೆಡ್ಡು ಎಂದು ಎರಡು ದರ್ಜೆಯ ಸಾಕಣೆ ಹುಟ್ಟಿಕೊಳ್ಳುವ ಸಾಧ್ಯತೆ ನಿಜವಾದದ್ದು.

ಮತ್ತೆ ಮೊದಲಿನ ಮಾತೇ ಅಡ್ಡ ಬರುತ್ತದೆ. ಆಹಾರದ ನಿಯಮಗಳು ಹಿಡಿಯುವುದು ಉಳಿಕೆಯನ್ನು. ಪ್ರತಿರೋಧವನ್ನು ಹಿಂಬಾಲಿಸುವ ಕೆಲಸ ಬೇರೆ ಜಾಲಗಳದ್ದು: ಮನುಷ್ಯರಿಗೆ ಐಸಿಎಂಆರ್ 2013ರಲ್ಲಿ ಕಟ್ಟಿದ ಜಾಲ, ಪ್ರಾಣಿ ಮತ್ತು ಮೀನುಗಳಿಗೆ ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಪ್ರಯೋಗಾಲಯಗಳ ಜಾಲ. ಒಂದರ ಲೆಕ್ಕ ಆರೋಗ್ಯ ಸಚಿವಾಲಯಕ್ಕೆ, ಇನ್ನೊಂದರದು ಕೃಷಿ ಸಚಿವಾಲಯಕ್ಕೆ, ಕೆರೆಯ ನೀರು ಮೂರನೆಯವರಿಗೆ. ಬ್ಯಾಕ್ಟೀರಿಯಾಕ್ಕೆ ಈ ಇಲಾಖಾವಾರು ವಿಂಗಡಣೆ ತಿಳಿಯದು.

ಬಿಗಿ ಮಾಡಿದರೆ ಏನಾಗುತ್ತದೆ

ನಾಳೆಯಿಂದ ಪ್ರತಿ ಕ್ಯಾನ್ ಹಾಲನ್ನೂ ಆ್ಯಂಟಿಬಯೋಟಿಕ್‌ಗಾಗಿ ಪರೀಕ್ಷಿಸಿ, ಸಿಕ್ಕಿದ್ದನ್ನು ವಾಪಸ್ ಕಳಿಸಿದರೆ ಮೊದಲು ಪೆಟ್ಟು ತಿನ್ನುವವರು ಒಂದೆರಡು ಹಸುವಿನ ಮನೆಯವರು, ಹೆಚ್ಚಾಗಿ ಹೆಂಗಸರು. ಐವತ್ತು ಹಸುವಿನ ಫಾರಂಗೆ ಒಂದು ಹಸುವಿನ ಹಾಲು ತೆಗೆದಿಡುವುದು ಕಷ್ಟವಲ್ಲ, ಇರುವುದೇ ಒಂದಾದರೆ ಏನು ತೆಗೆದಿಡುವುದು? ಪರೀಕ್ಷೆಗೆ ಸಿಗದ ಔಷಧ ಯಾವುದು ಎಂದು ಹುಡುಕುವ ಚಟವೂ ಆಗ ಶುರುವಾಗುತ್ತದೆ. ಔಷಧ ಕೊಟ್ಟದ್ದನ್ನು ತಾನಾಗಿ ತಿಳಿಸಿದ ರೈತನಿಗೆ ಆ ಏಳು ದಿನದ ಹಾಲಿನ ದುಡ್ಡಿನಲ್ಲಿ ಒಂದು ಭಾಗವನ್ನಾದರೂ ತುಂಬಿಕೊಡುವುದು ದಂಡಕ್ಕಿಂತ ಅಗ್ಗ. ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುವ ರಾಜ್ಯಕ್ಕೆ ಇದು ಹೊಸ ಲೆಕ್ಕವೂ ಅಲ್ಲ.

ಏನೂ ಮಾಡದಿದ್ದರೆ ಬೆಲೆ ಬೇರೆ ಕಡೆ ಬೀಳುತ್ತದೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದಿಂದ ನೇರವಾಗಿ 2019ರಲ್ಲಿ ಜಗತ್ತಿನಲ್ಲಿ ಸತ್ತವರು 12.7 ಲಕ್ಷ ಎಂಬ ಅಂದಾಜಿದೆ. ಅದು ಹಳ್ಳಿಗೆ ಬರುವ ರೂಪ ಅಂಕಿಯದಲ್ಲ. ಹೆರಿಗೆಯ ಗಾಯ ವಾಸಿಯಾಗದೆ ಮೂರನೆಯ ಇಂಜೆಕ್ಷನ್‌ಗೆ ಬದಲಾಯಿಸುವುದು, ಮಗುವಿನ ನ್ಯುಮೋನಿಯಾ ತಾಲ್ಲೂಕು ಆಸ್ಪತ್ರೆಯಲ್ಲಿ ಇಳಿಯದೆ ಬೆಂಗಳೂರಿಗೆ ಬರೆಯುವುದು. ಹಸುವಿಗೂ ಹೀಗೆಯೇ: ಎರಡು ಇಂಜೆಕ್ಷನ್ನಿಗೆ ಇಳಿಯುತ್ತಿದ್ದ ಬಾವು ಆರಕ್ಕೂ ಇಳಿಯದೆ ಮೊಲೆ ಒಣಗುವುದು. ರೈತನ ಔಷಧವೇ ಅವನ ಕೈಯಲ್ಲಿ ಮೊಂಡಾಗುತ್ತದೆ. ನಿಯಮದ ಮಾತಿಗೆ ಕಿವಿಗೊಡದವರಿಗೂ ಈ ಮಾತು ಮುಟ್ಟಬಹುದು.

ನಡುವಿನ ದಾರಿ ಎಂದರೆ ಔಷಧದ ಅಗತ್ಯವನ್ನೇ ಕಡಿಮೆ ಮಾಡುವುದು. ಕೆಚ್ಚಲು ಬಾವು ಕಣ್ಣಿಗೆ ಕಾಣುವ ಮೊದಲೇ ಒಳಗೊಳಗೆ ಶುರುವಾಗಿರುತ್ತದೆ. ನಾಲ್ಕು ಬಟ್ಟಲಿನ ಪ್ಲಾಸ್ಟಿಕ್ ತಟ್ಟೆಯಲ್ಲಿ ನಾಲ್ಕು ಮೊಲೆಯ ಹಾಲು ಹಿಂಡಿ, ಪರೀಕ್ಷಾ ದ್ರಾವಣ ಬೆರೆಸಿ ಅಲ್ಲಾಡಿಸಿದರೆ ಸೋಂಕಿದ್ದ ಹಾಲು ಲೋಳೆಯಾಗುತ್ತದೆ. ಒಂದು ನಿಮಿಷದ ಕೆಲಸ, ಡೇರಿಯಲ್ಲೇ ಆಗಬಹುದು. ಹಾಲು ಕರೆದ ಮೇಲೆ ಮೊಲೆತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವುದು, ತೊಟ್ಟಿನ ರಂಧ್ರ ಮುಚ್ಚಿಕೊಳ್ಳುವವರೆಗೆ ಹಸು ಮಲಗದಂತೆ ಮುಂದೆ ಮೇವು ಹಾಕುವುದು ಇವೆಲ್ಲ ಹಳೆಯ ಬುದ್ಧಿವಾದ, ಇಂದಿಗೂ ಕೆಲಸ ಮಾಡುತ್ತವೆ. ಯಲಹಂಕದ ವಿಶ್ವವಿದ್ಯಾಲಯವೊಂದರಲ್ಲಿ ರೂಪುಗೊಂಡು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹಲವು ರಾಜ್ಯಗಳಲ್ಲಿ ಹರಡಿದ ಲೇಪವೊಂದಿದೆ: 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ ಪುಡಿ, 15 ಗ್ರಾಂ ಸುಣ್ಣ ಅರೆದು ದಿನಕ್ಕೆ ಹಲವು ಸಲ ಕೆಚ್ಚಲಿಗೆ ಹಚ್ಚುವುದು. ಆರಂಭದ ಬಾವಿಗೆ ಅದು ಒದಗುತ್ತದೆ. ಜ್ವರ ಏರಿ ಮೇವು ಬಿಟ್ಟ ಹಸುವಿಗೆ ಲೋಳೆಸರ ಹಚ್ಚುತ್ತಾ ಕೂತರೆ ಹಸು ಉಳಿಯುವುದಿಲ್ಲ, ಅಲ್ಲಿ ಆ್ಯಂಟಿಬಯೋಟಿಕ್ಕೇ ಬೇಕು. ಕಾಲುಬಾಯಿ ಜ್ವರ, ಚರ್ಮಗಂಟು ರೋಗಗಳು ವೈರಸ್‌ನವು. ಅವುಗಳ ಮೂಲಕ್ಕೆ ಆ್ಯಂಟಿಬಯೋಟಿಕ್ ಏನೂ ಮಾಡದು, ಲಸಿಕೆ ತಪ್ಪಿಸದಿದ್ದರೆ ಎಷ್ಟೋ ಇಂಜೆಕ್ಷನ್ ತಾನಾಗಿ ತಪ್ಪುತ್ತದೆ.

ಬೇಕಾದಾಗ ಯಾವ ಆ್ಯಂಟಿಬಯೋಟಿಕ್ ಎಂಬುದಕ್ಕೆ ಉತ್ತರ ಹಾಲಿನ ಕಲ್ಚರ್ ಪರೀಕ್ಷೆಯಲ್ಲಿದೆ. ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆ ಕೋಲಾರದಿಂದ ಸುಮಾರು ಎಪ್ಪತ್ತು ಕಿಲೋಮೀಟರ್. ದಿನವೂ ತಂಪು ಟ್ಯಾಂಕರಿನಲ್ಲಿ ಹಾಲು ಹಳ್ಳಿಗಳಿಂದ ಹೊರಡುತ್ತದೆ. ಅದರ ಜೊತೆ, ಬಾವು ಬಂದ ಹಸುವಿನ ಹತ್ತು ಮಿಲಿಲೀಟರ್ ಹಾಲಿನ ಸೀಸೆಯೂ ಹೊರಟು, ಎರಡು ದಿನದಲ್ಲಿ ಉತ್ತರ ಪಶುವೈದ್ಯರ ಮೊಬೈಲಿಗೆ ಬಂದರೆ, ಮೊದಲ ಇಂಜೆಕ್ಷನ್ ಊಹೆಯದ್ದಾದರೂ ಮೂರನೆಯದು ಊಹೆಯದ್ದಾಗಿರಬೇಕಿಲ್ಲ.